ಒಳಗೆ ಒಬ್ಬರು

ಫೆಬ್ರವರಿ ೩

ಅತ್ತಿಗೆಗೆ ನಮಸ್ಕಾರ.

ಸುಖವಾಗಿ ತಲುಪಿದೆ ಎಂದು ಬರೆದರೆ ನೀವು ನಂಬುವುದಿಲ್ಲ. ದೋಣಿಯಲ್ಲಿ ದಾರಿಯುದ್ದಕ್ಕೂ ಬಕೆಟ್ಟನ್ನು ಅಪ್ಪಿಕೊಂಡೇ ಕೂತಿದ್ದೆ. ನೀವು ಕಟ್ಟಿಕೊಟ್ಟ ಬ್ರೆಡ್ಡು, ಮೊಟ್ಟೆ ಎಲ್ಲ ಮೀನಿನ ಪಾಲಾಯಿತು. ಇಷ್ಟು ವರ್ಷ ಬಂದರಿನಲ್ಲಿ ಬೆಸುಗೆ ಕೆಲಸ ಮಾಡಿದವನು ನೀರಿನ ಮೇಲೆ ಹೀಗೆ ಸುಸ್ತಾದದ್ದನ್ನು ಕಂಡು ಇಲ್ಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಫೋನನ್ನು ದಡದ ಗೇಟಿನಲ್ಲೇ ಇಸಿದುಕೊಂಡರು. ಗ್ಯಾಸ್ ಇರುವ ಜಾಗ, ಒಂದು ಕಿಡಿ ಸಾಕಂತೆ. ವಾರಕ್ಕೊಮ್ಮೆ ಸಾಮಾನು ತರುವ ದೋಣಿಯಲ್ಲಿ ಕಾಗದ ಬರುತ್ತದೆ, ಹೋಗುತ್ತದೆ. ಸ್ಕೂಲಿನಲ್ಲಿ ರಜಾ ಚೀಟಿ ಬರೆದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದೇ ಇರಬೇಕು. ಆ ಚೀಟಿಗಳನ್ನೂ ನೀವೇ ಹೇಳಿ ಬರೆಸಿದ್ದು.

ಸಮುದ್ರದ ನಡುವಿನ ಈ ರಿಗ್ ಈಗ ಬರಿ ಹೊಟ್ಟೆಯಲ್ಲಿದೆ. ಎಣ್ಣೆ ಮುಗಿದು, ಬಾವಿಗಳಿಗೆಲ್ಲ ಸಿಮೆಂಟು ತುಂಬಿ ಮುಚ್ಚಿದ್ದಾರೆ. ನನ್ನ ತಂಡದ ಕೆಲಸ ಪೈಪುಗಳನ್ನು ಕತ್ತರಿಸುವುದು, ಟ್ಯಾಂಕಿನ ಕೆಸರು ಬಳಿಯುವುದು. ಮೇ ತಿಂಗಳಲ್ಲಿ ದೊಡ್ಡ ಹಡಗು ಬಂದು ಮೇಲಿನ ಕಾರ್ಖಾನೆಯನ್ನು ಇಡಿಯಾಗಿ ಎತ್ತಿಕೊಂಡು ಹೋಗುತ್ತದಂತೆ. ಉಳಿಯುವುದು ಕೆಳಗಿನ ಮೂರು ಕಾಲು. ಕಾಂಕ್ರೀಟಿನವು, ಒಳಗೆ ಟೊಳ್ಳು, ಒಂದೊಂದರ ಒಳಗೂ ನಮ್ಮ ಬೀದಿಯ ಮನೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಬಹುದು. ಅವುಗಳನ್ನು ಏನು ಮಾಡುತ್ತಾರೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಎರಡನೇ ಕಾಲನ್ನು ನೋಡಿದೆ. ಅಣ್ಣ ಪೈಪಿನ ವಾಲ್ವು ನೋಡಲು ಇಳಿದ ಕಾಲು. ಪೈಪು ಒಡೆದು ನೀರು ನುಗ್ಗಿದ ಮೇಲೆ ಬೆಸುಗೆ ಹಾಕಿ ಮುಚ್ಚಿದ ಬಾಗಿಲು ಹಾಗೇ ಇದೆ. ಬೆಸುಗೆ ಒರಟಾಗಿದೆ, ಕೈ ನಡುಗುತ್ತಿದ್ದವನು ಹಾಕಿದ್ದು. ಹನ್ನೊಂದು ವರ್ಷದಿಂದ ನಿಮಗೆ ಗೊತ್ತಿರುವುದನ್ನೇ ಯಾಕೆ ಬರೆಯುತ್ತಿದ್ದೇನೋ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಾರದು. ಊಟದ ಮನೆಯ ಮೆಟ್ಟಿಲ ಬಳಿ ಒಂದು ಹಲಗೆಯಿದೆ. ತುಂಬ ಮೊಳೆಗಳು, ಮೊಳೆಗೊಂದು ತಗಡಿನ ಬಿಲ್ಲೆ. ಒಂದು ಮುಖ ಹಸಿರು, ‘ಒಳಗೆ’ ಎಂದಿದೆ. ಇನ್ನೊಂದು ಕೆಂಪು, ‘ಹೊರಗೆ’. ರಿಗ್ಗಿಗೆ ಬಂದವನು ತನ್ನ ಬಿಲ್ಲೆಯನ್ನು ಹಸಿರಿಗೆ ತಿರುಗಿಸಬೇಕು, ದಡಕ್ಕೆ ಹೊರಟಾಗ ಕೆಂಪಿಗೆ. ಬೆಂಕಿ ಬಿದ್ದರೆ ಯಾರನ್ನು ಹುಡುಕಬೇಕು ಎಂದು ತಿಳಿಯುವುದು ಅದರಿಂದಲೇ. ಹಾಗಾಗಿ ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಮ್ಯಾನೇಜರ್ ಆದರೂ ಅಷ್ಟೆ.

ನನ್ನದನ್ನು ನೇತುಹಾಕಲು ಹೋದರೆ, ಮೇಲಿನ ಸಾಲಿನಲ್ಲಿ ಅಣ್ಣನದು. ಹಸಿರು.

ಇಲ್ಲಿ ಅಡುಗೆಯವರೊಬ್ಬರಿದ್ದಾರೆ, ಅಣ್ಣನ ಕಾಲದವರು. ಎಲ್ಲರೂ ಅವರನ್ನು ಸೌಟು ಮಾವ ಎನ್ನುತ್ತಾರೆ. ಅವರಿಗೆ ಅಣ್ಣ ಈಗಲೂ ಮೇಸ್ತ್ರಿಯೇ. ಹಿಂದೆ ಬಂದು ನಿಂತು, “ಮೇಸ್ತ್ರಿ ತಾವೇ ಬಂದು ತಿರುಗಿಸಲಿ ಅಂತ ಬಿಟ್ಟಿದೀವಪ್ಪ. ನಾವು ಹೇಗೆ ಮುಟ್ಟೋದು?” ಎಂದರು. ದಿನಾ ಮಧ್ಯಾಹ್ನ ಊಟಕ್ಕೆ ಮೊದಲು ತಲೆ ಎಣಿಸುತ್ತಾರೆ. ಪಟ್ಟಿಯಲ್ಲಿ ಅಣ್ಣನ ಹೆಸರೂ ಇರುವುದರಿಂದ ಒಂದು ತಲೆ ಕಡಿಮೆ ಬರುತ್ತದೆ. ಆಗ ಸಾಲಿನ ಕೊನೆಯಲ್ಲಿ ನಿಂತ ಸೌಟು ಮಾವ, “ಮತ್ತೆ, ಒಳಗೆ ಒಬ್ಬರು” ಎನ್ನುತ್ತಾರೆ. ಎಣಿಕೆ ಸರಿಹೋಗುತ್ತದೆ. ಹೊಸಬರೂ ನಗುವುದಿಲ್ಲ. ಅಣ್ಣನಿಗೆ ತಟ್ಟೆಯನ್ನೂ ಇಡುತ್ತೀರಾ ಎಂದು ಕೇಳಿದೆ. “ಇಲ್ಲಪ್ಪ. ತಟ್ಟೆ ಇಟ್ರೆ ನನಗೇ ಅಳು ಬರುತ್ತೆ” ಎಂದರು.

ನಿಮಗೆ ಬೇಜಾರಾಗುವುದಾದರೆ ಇಂಥದ್ದನ್ನು ಬರೆಯುವುದಿಲ್ಲ, ಹೇಳಿ.

ನಿಮ್ಮ ಮೈದುನ,
ಕುಳ್ಳ


ಫೆಬ್ರವರಿ ೧೭

ಕುಳ್ಳ,

ಆರಡಿ ಆಳಿಗೆ ಕುಳ್ಳ ಎಂದು ಬರೆಯುವಾಗ ಈಗಲೂ ನಗು ಬರುತ್ತದೆ. ನಾನು ಮದುವೆಯಾಗಿ ಬಂದಾಗ ನನ್ನ ಭುಜದವರೆಗೂ ಬರುತ್ತಿರಲಿಲ್ಲ ನೀನು. ಆಮೇಲೆ ಬೆಳೆದೆ, ಹೆಸರು ಬೆಳೆಯಲಿಲ್ಲ.

ಬರೆಯುವುದಿಲ್ಲ ಎಂದರೆ ಏನರ್ಥ? ಎಲ್ಲವನ್ನೂ ಬರೆ. ನಿನ್ನ ಕಾಗದ ಓದಿ ಹೊಲಿಗೆ ಯಂತ್ರದ ಮುಂದೆ ಕೂತೆ. ಬಂದರಿನ ಕ್ರೇನ್ ಡ್ರೈವರ್ ಕೆಲಸಕ್ಕೆ ಮೈಪೂರ್ತಿ ಹಾಕುವ ಡಾಂಗರಿಗೆ ತೋಳನ್ನು ಹಿಂದುಮುಂದಾಗಿ ಹೊಲಿದು ಕೊಟ್ಟಿದ್ದೇನೆ. ಪಾಪ, ಹಾಕಿಕೊಂಡು ಹೋಗಿ, ವಾಪಸ್ ಬಂದು, “ಅಕ್ಕಾ, ಕೈ ಯಾಕೋ ಬೆನ್ನಿಗೆ ಹೋಗ್ತಿದೆ” ಎಂದ.

ಹಸಿರು ಎಂದು ಬರೆದಿದ್ದೀಯಲ್ಲ. ಅಂದರೆ ನಾನೊಬ್ಬಳೇ ಹುಚ್ಚಿಯಲ್ಲ. ಕಂಪನಿಯವರು ಸಾವಿನ ಸರ್ಟಿಫಿಕೇಟಿಗೆ ಸಹಿ ಕೇಳಲು ಬಂದಾಗ, “ಕಣ್ಣಾರೆ ನೋಡದೆ ಹೇಗೆ ಹಾಕಲಿ?” ಎಂದು ಬಾಗಿಲು ಹಾಕಿದವಳು ನಾನು. ಬೀದಿಯವರು ಒಂದಷ್ಟು ದಿನ ಬುದ್ಧಿ ಹೇಳಿದರು, ಆಮೇಲೆ ಸುಮ್ಮನಾದರು. ನಿನ್ನ ಅಣ್ಣ ಹೊಲಿಯಲು ಬಿಟ್ಟುಹೋದ ಡಾಂಗರಿ ಅಂಗಡಿಯ ಗೂಟದಲ್ಲಿ ಈಗಲೂ ಇದೆ. ಗಿರಾಕಿಗಳು, “ಇದು ಯಾರದು, ಬರಲೇ ಇಲ್ವಾ?” ಎಂದು ಕೇಳುತ್ತಾರೆ. ಬರ್ತಾರೆ ಎನ್ನುತ್ತೇನೆ. ಅಲ್ಲಿ ಸೌಟು ಮಾವನವರು ಹೇಳುವುದು, ಇಲ್ಲಿ ನಾನು ಹೇಳುವುದು, ಎರಡೂ ಒಂದೇ ಅಲ್ಲವಾ?

ಕಾಲುಗಳ ವಿಷಯಕ್ಕೆ ಮುಂದಿನ ತಿಂಗಳು ಬಂದರಿನ ಹಾಲಿನಲ್ಲಿ ಸಭೆಯಂತೆ. ಆಕ್ಷೇಪ ಇದ್ದವರು ಬರಬೇಕಂತೆ. ನನಗಿಂತ ದೊಡ್ಡ ಆಕ್ಷೇಪ ಯಾರಿಗಿದೆ?

ನೀನು ಆ ಕೆಲಸ ಹಿಡಿದಾಗ ನಾನು ಬೇಡ ಎನ್ನಲಿಲ್ಲ, ಯಾಕೆ ಎಂದು ಈಗಲಾದರೂ ತಿಳಿದುಕೋ. ರಿಗ್ ಹೋಗುತ್ತಿದೆ, ಇನ್ನೊಂದು ಅವಕಾಶ ಇಲ್ಲ. ಬರುವಾಗ ಅಣ್ಣನನ್ನು ಕರೆದುಕೊಂಡೇ ಬಾ. ಒಬ್ಬನೇ ಬಂದರೆ ಬಾಗಿಲು ತೆಗೆಯುವುದಿಲ್ಲ, ನೋಡು.

ಹೊಟ್ಟೆ ತುಂಬ ಊಟ ಮಾಡು.

ಅತ್ತಿಗೆ


ಮಾರ್ಚ್ ೧೦

ಅತ್ತಿಗೆಗೆ ನಮಸ್ಕಾರ.

ದೊಡ್ಡ ಜನರೇಟರುಗಳನ್ನು ಮೊನ್ನೆ ನಿಲ್ಲಿಸಿದರು. ರಿಗ್ ಕಟ್ಟಿದ ದಿನದಿಂದ ಅವು ನಿಂತೇ ಇರಲಿಲ್ಲವಂತೆ. ಈಗ ಅಡುಗೆಮನೆಗೂ ದೀಪಕ್ಕೂ ಸಣ್ಣದೊಂದು ಸಾಕು. ಸದ್ದು ನಿಂತಾಗ ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದೆವು. ಕಿವಿಯೇ ಹೋಯಿತೇನೋ ಅನ್ನಿಸಿತು. ಸೌಟು ಮಾವ ಸೌಟನ್ನು ಪಾತ್ರೆಗೆ ಬಡಿದು ನೋಡಿಕೊಂಡರು.

ಆಮೇಲೆ ಒಂದೊಂದೇ ಕೇಳಿಸತೊಡಗಿತು. ಗಾಳಿ, ಸರಪಳಿ, ನೀರು. ಇಷ್ಟು ವರ್ಷ ಇದೆಲ್ಲ ಇಲ್ಲೇ ಇತ್ತು, ಯಂತ್ರದ ಗದ್ದಲದಲ್ಲಿ ಮುಳುಗಿಹೋಗಿತ್ತು.

ಎರಡನೇ ಕಾಲಿನೊಳಗೆ ಯಾರೋ ತಟ್ಟುತ್ತಾರೆ, ಅತ್ತಿಗೆ.

ಬರೆಯಬಾರದು ಅಂದುಕೊಂಡಿದ್ದೆ. ಹಗಲು ಹೊತ್ತಿನಲ್ಲೇ, ಎಲ್ಲರ ಎದುರಿಗೇ. ಮೂರು ಸಲ. ಸ್ವಲ್ಪ ನಿಂತು, ಮತ್ತೆ ಮೂರು ಸಲ. ಹುಡುಗರು ಆ ಕಡೆ ಕೆಲಸಕ್ಕೆ ಹೋಗಲು ತಕರಾರು ಮಾಡಿದರು. ಒಳಗೆ ಏನೋ ಸಡಿಲವಾಗಿದೆ, ಅಲೆಗೆ ಬಡಿಯುತ್ತಿದೆ ಎಂದು ನಾನೇ ಗದರಿದೆ. ಗದರಿ ಕಳಿಸಿ, ಬೆಸುಗೆ ಹಾಕಿದ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ, ಸೌಟು ಮಾವ ಬಂದು ಊಟಕ್ಕೆ ಎಳೆದುಕೊಂಡು ಹೋದರು.

ಅಲೆಯೇ ಇರಬೇಕು.

ಕುಳ್ಳ


ಮಾರ್ಚ್ ೨೨

ಕುಳ್ಳ,

ಮೂರು ಸಲ ಎಂದು ಸರಿಯಾಗಿ ಎಣಿಸಿದೆಯಾ?

ನಿನಗೂ ನೆನಪಿದೆ ಎಂದು ಗೊತ್ತು. ನಿನ್ನ ಅಣ್ಣ ಬೀಗದ ಕೈ ಮರೆತು ಹೋಗುವುದು, ಬಂದು ಉಂಗುರದ ಬೆರಳಿನಿಂದ ಬಾಗಿಲು ತಟ್ಟುವುದು. ಮೂರು, ನಿಂತು, ಮೂರು. ನಾನು ಬೇಕಂತಲೇ ತಡಮಾಡುತ್ತಿದ್ದೆ. ಬಾಗಿಲಿನ ಬಣ್ಣದ ಮೇಲೆ ಆ ಉಂಗುರ ಬಿದ್ದು ಬಿದ್ದು ಸಣ್ಣ ಗುಳಿಯಾಗಿದೆ. ಮನೆಗೆಲ್ಲ ಬಣ್ಣ ಹೊಡೆಸಿದಾಗಲೂ ಆ ಬಾಗಿಲನ್ನು ಮಾತ್ರ ಮುಟ್ಟಗೊಡಲಿಲ್ಲ.

ಅವರೇ ಎಂದು ನಾನು ಹೇಳುತ್ತಿಲ್ಲ. ಹನ್ನೊಂದು ವರ್ಷ ನೀರಲ್ಲಿದ್ದವರು ತಟ್ಟುವುದಿಲ್ಲ, ಅಷ್ಟು ಬುದ್ಧಿ ನನಗೂ ಇದೆ. ಆದರೆ ಒಂದು ಮಾತು ಕೇಳಬೇಕು ಅನ್ನಿಸುತ್ತದೆ. ನೀನು ತಿರುಗಿ ತಟ್ಟಿದೆಯಾ?

ಸಭೆ ಆಯಿತು. ಕಂಪನಿಯಿಂದ ಒಬ್ಬರು ಮೇಡಂ ಬಂದಿದ್ದರು, ನನಗಿಂತ ಚಿಕ್ಕವರು. ಪರದೆಯ ಮೇಲೆ ಚಿತ್ರ ಹಾಕಿ ತೋರಿಸಿದರು. ಮೇಲಿನದನ್ನು ಎತ್ತುತ್ತಾರೆ, ಕಾಲುಗಳನ್ನು ಸಮುದ್ರದಲ್ಲೇ ಬಿಡುತ್ತಾರೆ. ಅವುಗಳನ್ನು ಕಿತ್ತು ತರುವ ಖರ್ಚು ಉಳಿದ ಕೆಲಸವನ್ನೆಲ್ಲ ಸೇರಿಸಿದರೂ ಮೀರುತ್ತದಂತೆ, ಅದರಲ್ಲಿ ಅರ್ಧ ತೆರಿಗೆಯ ಲೆಕ್ಕದಲ್ಲಿ ಸರ್ಕಾರದ ಮೇಲೆ, ಎಂದರೆ ನಮ್ಮ ಮೇಲೆ ಬೀಳುತ್ತದಂತೆ. ಕಾಲಿನ ತುದಿಯಲ್ಲಿ ಹಡಗುಗಳಿಗೆ ಕಾಣುವಂತೆ ದೀಪ ಇಡುತ್ತಾರಂತೆ. ಮೀನು ಹಿಡಿಯುವವನೊಬ್ಬ, “ಬಲೆ ಸಿಕ್ಕಿಹಾಕಿಕೊಂಡ್ರೆ ಯಾರು ಕೊಡ್ತಾರೆ?” ಎಂದು ಕೂಗಾಡಿದ. ಎಷ್ಟು ಕಾಲ ಆ ಕಾಲುಗಳು ನಿಂತಿರುತ್ತವೆ ಎಂದು ನಾನು ಕೇಳಿದೆ. ತಾವಾಗಿ ಕುಸಿಯುವ ತನಕ, ನೂರಾರು ವರ್ಷ ಎಂದರು. ಅಷ್ಟು ಕಾಲ ದೀಪಕ್ಕೆ ಯಾರು ಬರುತ್ತಾರೆ, ಕಂಪನಿ ಇರುತ್ತದಾ ಎಂದೆ. ಹಾಲಿನಲ್ಲಿ ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. “ಗೊತ್ತಿಲ್ಲಮ್ಮ” ಎಂದರು.

ಸಭೆ ಮುಗಿದ ಮೇಲೆ ಹತ್ತಿರ ಹೋಗಿ, ಎರಡನೇ ಕಾಲಿನ ನೀರು ತೆಗೆದು ನಮ್ಮವರನ್ನು ಹುಡುಕಿಕೊಡಿ ಎಂದೆ. ಒಳಗೆ ಕೆಟ್ಟ ಗಾಳಿಯಿದೆ ಎಂದರು. “ಒಬ್ಬರನ್ನ ಹುಡುಕೋಕೆ ಇನ್ನೊಬ್ಬರನ್ನ ಇಳಿಸೋ ಆರ್ಡರಿಗೆ ನಾನು ಸಹಿ ಹಾಕಲ್ಲಮ್ಮ, ಕೆಲಸ ಹೋದ್ರೂ ಸರಿ.” ನನಗೆ ಮೈಯೆಲ್ಲ ಉರಿಯಿತು. ದುಡ್ಡು ಉಳಿಸಲು ಇಷ್ಟು ಒಳ್ಳೆಯ ನೆಪ ಸಿಕ್ಕಿದರೆ ಯಾರು ಬಿಡುತ್ತಾರೆ? ಆಕ್ಷೇಪ ಬರೆದು ಕೊಟ್ಟು ಬಂದಿದ್ದೇನೆ. ಕಾಲು ಎತ್ತಲೇಬೇಕು ಎಂದು. ತೀರ್ಮಾನ ಆಗುವ ತನಕ ಆ ಕಾಲಿಗೆ ಮುಚ್ಚಳ ಹಾಕುವ ಹಾಗಿಲ್ಲವಂತೆ.

ಕಾಗದ ಬೇಗ ಬರೆ.

ಅತ್ತಿಗೆ


ಏಪ್ರಿಲ್ ೭

ಅತ್ತಿಗೆ,

ತಟ್ಟಿದೆ. ನಿಮ್ಮ ಕಾಗದ ಬಂದ ದಿನವೇ ಹೋಗಿ ಸ್ಪ್ಯಾನರಿನಿಂದ ಮೂರು ಸಲ ತಟ್ಟಿದೆ. ಆ ಕಡೆ ನಿಂತುಹೋಯಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೂರು.

ಅಂದಿನಿಂದ ದಿನಾ ಹೋಗುತ್ತೇನೆ. ಮಲಗುವುದನ್ನು ಅಣ್ಣನ ಕೋಣೆಗೆ ಬದಲಾಯಿಸಿಕೊಂಡೆ. ಮೇಲಿನ ಮಂಚ. ಕಾಲು ಹೊರಗೆ ಚಾಚುತ್ತದೆ, ಅಣ್ಣನಿಗೆ ಸರಿಯಾಗಿತ್ತು. ಗೋಡೆಗೆ ಅವನು ಅಂಟಿಸಿದ ಟೇಪಿನ ಗುರುತುಗಳಿವೆ, ಯಾವ ಚಿತ್ರ ಇತ್ತೋ. ಸೌಟು ಮಾವ ಬೈಯುತ್ತಾರೆ, ಮುಖ ಹೇಗಾಗಿದೆ ಕನ್ನಡಿ ನೋಡಿಕೋ ಎನ್ನುತ್ತಾರೆ. ನನಗೆ ಆರಾಮವಾಗಿಯೇ ಇದೆ.

ದಡದಿಂದ ಹೊಸ ಪಟ್ಟಿ ಬಂದಿದೆ, ಮುಂದಿನ ವಾರದಿಂದ ಅದನ್ನು ಹಿಡಿದೇ ತಲೆ ಎಣಿಸುತ್ತಾರಂತೆ. ಹಡಗು ಬರುವ ಮುಂಚೆ ಕಾಗದಪತ್ರ ಎಲ್ಲ ಸರಿ ಮಾಡುತ್ತಿದ್ದಾರೆ. ಪಟ್ಟಿಯಲ್ಲಿ ಅಣ್ಣನ ಹೆಸರಿಲ್ಲ. ಯಾರೋ ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟಿದ್ದಾರೆ. ಹಲಗೆಯಲ್ಲಿ ಬಿಲ್ಲೆ ಹಾಗೇ ಇದೆ, ಅದನ್ನು ಯಾರೂ ಮುಟ್ಟಿಲ್ಲ.

ಮುಂದಿನ ವಾರ ಎರಡನೇ ಕಾಲಿನ ಬಾಗಿಲು ಕತ್ತರಿಸುತ್ತೇವೆ. ದೀಪದ ಕಂಬ ನಿಲ್ಲಿಸಲು ಒಳಗಿನ ಅಳತೆ ಬೇಕಂತೆ. ಇಳಿಯಲು ಅಪ್ಪಣೆ ಇಲ್ಲ, ಬಾಗಿಲಿನಿಂದಲೇ ನೋಡಬೇಕು. ಕತ್ತರಿಸುವವನು ನಾನೇ. ಬೇರೆಯವರಿಗೆ ಬಿಡುವುದಿಲ್ಲ.

ಅವನು ಹತ್ತಿರದಲ್ಲೇ ಇದ್ದಾನೆ, ಅತ್ತಿಗೆ. ನೀವು ಹೇಳಿದ್ದು ನೆನಪಿದೆ.

ಕುಳ್ಳ


ಏಪ್ರಿಲ್ ೧೨

ಕುಳ್ಳ, ಈ ಕಾಗದ ಕೈ ಸೇರಿದ ಕೂಡಲೇ ಗಂಟುಮೂಟೆ ಕಟ್ಟಿಕೊಂಡು ಅದೇ ದೋಣಿಯಲ್ಲಿ ವಾಪಸ್ ಬಾ. ಬಾಗಿಲನ್ನು ಬೇರೆ ಯಾರಾದರೂ ಕತ್ತರಿಸಲಿ. ಆ ಕೋಣೆಯಲ್ಲಿ ಮಲಗಬೇಡ.

ನಿನ್ನ ಕಾಗದದಲ್ಲಿ ಒಂದೂ ತಮಾಷೆಯಿಲ್ಲ. ಹುಟ್ಟಿದಾಗಿನಿಂದ ನೀನು ಹೀಗೆ ಮಾತಾಡಿದವನಲ್ಲ. ಜ್ವರ ಬಂದಾಗಲೂ ಡಾಕ್ಟರನ್ನು ಅಣಕಿಸಿದವನು.

ತಟ್ಟಿದೆಯಾ ಎಂದು ನಾನು ಕೇಳಬಾರದಿತ್ತು. ಬಂದುಬಿಡು, ಒಬ್ಬನೇ ಬಾ. ಬಾಗಿಲು ತೆಗೆಯುತ್ತೇನೆ.

ಅತ್ತಿಗೆ


ಏಪ್ರಿಲ್ ೧೬

ಮೇಸ್ತ್ರಿಯವರ ಮನೆಯವರಿಗೆ ರಿಗ್ಗಿನ ಅಡುಗೆಯವನ ನಮಸ್ಕಾರಗಳು.

ತಾಯಿ, ಮೊದಲು ಹೇಳಿಬಿಡುತ್ತೇನೆ, ನಿಮ್ಮ ಮೈದುನ ಬದುಕಿದ್ದಾನೆ. ಹೆಲಿಕಾಪ್ಟರಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದ್ದಾರೆ. ಅದು ನಿಮ್ಮಿಂದ ದೂರದ ಊರು. ಕಂಪನಿಯವರು ಫೋನ್ ಮಾಡಿ ತಿಳಿಸಿರುತ್ತಾರೆ, ಆದರೆ ಹೇಗಾಯಿತು ಎಂದು ಅವರು ಹೇಳಲಿಕ್ಕಿಲ್ಲ. ಅದನ್ನು ನಾನೇ ಬರೆಯಬೇಕು. ಹನ್ನೆರಡನೇ ತಾರೀಖಿನ ಅಂಚೆ ಮುದ್ರೆಯಿದ್ದ ನಿಮ್ಮ ಕಾಗದ ಅವನು ಹೋದ ಮರುದಿನ ಬಂತು. ತೆರೆದಿಲ್ಲ, ಹಾಗೇ ಆಸ್ಪತ್ರೆಗೆ ಕಳಿಸುತ್ತಿದ್ದೇನೆ.

ಅವತ್ತು ಬೆಳಿಗ್ಗೆ ಬಾಗಿಲು ಕತ್ತರಿಸಿದರು. ಉಳಿದವರು ಅಳತೆ ತೆಗೆದುಕೊಂಡು ಮೇಲೆ ಬಂದರು. ನಿಮ್ಮ ಮೈದುನ ಉಪಕರಣ ಜೋಡಿಸಿ ಬರುತ್ತೇನೆ ಎಂದು ಹಿಂದೆ ಉಳಿದನಂತೆ. ಊಟದ ಹೊತ್ತಿಗೆ ಎಲ್ಲರೂ ಸಾಲಾಗಿ ನಿಂತೆವು. ಪಟ್ಟಿ ಹಿಡಿದವನು ತಲೆ ಎಣಿಸಿದ. ಒಂದು ಕಡಿಮೆ ಬಂತು. ನಾನು ಸಾಲಿನ ಕೊನೆಯಲ್ಲಿ, ಹನ್ನೊಂದು ವರ್ಷದ ಅಭ್ಯಾಸ ನೋಡಿ, “ಮತ್ತೆ, ಒಳಗೆ ಒಬ್ಬರು” ಎಂದೆ. ಸರಿ ಎಂದು ಅವನು ಗೀಟು ಹಾಕಿದ. ಎಲ್ಲರೂ ಊಟಕ್ಕೆ ಕೂತರು.

ಅವತ್ತೇ ಮೊದಲ ಸಲ ಹಿಡಿದ ಹೊಸ ಪಟ್ಟಿಯಲ್ಲಿ ಮೇಸ್ತ್ರಿ ಹೆಸರು ಇಲ್ಲ ಎನ್ನುವುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಡಿಮೆ ಬಂದ ತಲೆ ಬದುಕಿದ್ದವನದು. ಅದರ ಜಾಗದಲ್ಲಿ ನಾನು ಇಲ್ಲದವರನ್ನು ನಿಲ್ಲಿಸಿದೆ. ಎಣಿಕೆ ಚೊಕ್ಕವಾಗಿ ಕೂತುಬಿಟ್ಟಿತು.

ತಟ್ಟೆ ಉಳಿಯದೆ ಹೋಗಿದ್ದರೆ ಅವನು ಉಳಿಯುತ್ತಿರಲಿಲ್ಲ. ಎಲ್ಲರಿಗೂ ಬಡಿಸಿದ ಮೇಲೂ ಒಂದು ತಟ್ಟೆ ಮಿಕ್ಕಿತ್ತು. ಮೇಸ್ತ್ರಿಗೆ ನಾನು ಯಾವತ್ತೂ ತಟ್ಟೆ ಇಟ್ಟವನಲ್ಲ. ಆ ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದಾಗ ಅದು ಯಾರದು ಎಂದು ಹೊಳೆಯಿತು. ತಟ್ಟೆ ಬಿಸಾಡಿ ಕೂಗಿಕೊಂಡು ಓಡಿದೆ.

ಏಣಿಯ ಕೆಳಗಿನ ಅಟ್ಟಣೆಯಲ್ಲಿ ಬಿದ್ದಿದ್ದ. ನೀರು ಅವನ ಕೈಗೆ ಎಟುಕುವಷ್ಟು ಹತ್ತಿರ. ಹುಡುಗರು ಮುಖಕ್ಕೆ ಆಕ್ಸಿಜನ್ ಕಟ್ಟಿಕೊಂಡು ಇಳಿದು, ಹಗ್ಗ ಹಾಕಿ ಎತ್ತಿದರು. ಇನ್ನೊಂದಿಷ್ಟು ತಡವಾಗಿದ್ದರೆ, ಬಿಡಿ, ಬರೆಯಲು ಕೈ ಬರುವುದಿಲ್ಲ.

ಮೇಸ್ತ್ರಿ ಮೇಲಿನ ಪ್ರೀತಿಗೆ ಮಾಡಿಕೊಂಡು ಬಂದದ್ದು ಅವರ ತಮ್ಮನನ್ನೇ ನುಂಗುತ್ತಿತ್ತು. ಇವತ್ತು ಮಧ್ಯಾಹ್ನ ಸಾಲಿನಲ್ಲಿ ಬಾಯಿ ಬಿಗಿ ಹಿಡಿದು ನಿಂತಿದ್ದೆ. ಆದರೂ ಆ ಮಾತು ನಾಲಿಗೆಯ ತುದಿಗೆ ಬಂತು, ತಾಯಿ. ಬಿಲ್ಲೆ ಹಸಿರಾಗಿರುವ ತನಕ ಅದು ಬರುತ್ತಲೇ ಇರುತ್ತದೆ. ಏನು ಮಾಡಬೇಕೋ ನೀವೇ ಹೇಳಬೇಕು.

ಇಂತಿ,
ಅಡುಗೆಯವನು


ಏಪ್ರಿಲ್ ೩೦

ಅತ್ತಿಗೆ,

ನರ್ಸಿನ ಪೆನ್ನು ಕಸಿದುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮಂಚದ ತಪ್ಪು. ಇಲ್ಲಿಯೂ ಕಾಲು ಹೊರಗೇ. ನೀವು ಎರಡು ದಿನ ಪಕ್ಕದಲ್ಲಿ ಕೂತು ಹೋದಿರಂತೆ, ನನಗೆ ನೆನಪೇ ಇಲ್ಲ. ಹಣೆಯ ಮೇಲೆ ಕೈಯಿಟ್ಟದ್ದು ಮಾತ್ರ ಕನಸಿನ ಹಾಗೆ ನೆನಪಿದೆ. ಬೆರಳಿಗೆ ಸೂಜಿ ಚುಚ್ಚಿದ ಗಾಯಗಳಿದ್ದವು, ಹಾಗಾಗಿ ನೀವೇ.

ಒಳಗೆ ಏನಿತ್ತು ಎಂದು ನೀವು ಕೇಳುವುದಿಲ್ಲ ಎಂದು ಗೊತ್ತು. ಹೇಳುತ್ತೇನೆ. ಏಣಿಯ ಕೊನೆಯ ತುಂಡಿನ ಬೋಲ್ಟು ತುಕ್ಕು ಹಿಡಿದು ಸಡಿಲವಾಗಿದೆ. ಹೊರಗೆ ದೊಡ್ಡ ಅಲೆ ಬಡಿದಾಗ ಒಳಗಿನ ನೀರು ತುಯ್ದು, ತುಂಡು ಗೋಡೆಗೆ ತಾಗುತ್ತದೆ. ಅಷ್ಟೇ. ನಾನು ಗದರಿ ಹೇಳಿದ್ದೇ ನಿಜವಾಗಿತ್ತು.

ಕಣ್ಣಾರೆ ನೋಡಿದ ಮೇಲೂ ವಾಪಸ್ ಹತ್ತಲಾಗಲಿಲ್ಲ. ಸೊಂಟದಲ್ಲಿದ್ದ ಹಗ್ಗ ಬಿಚ್ಚಿ ಆ ತುಂಡನ್ನು ಬಿಗಿಯಾಗಿ ಕಟ್ಟಿದೆ. ನಿಂತಿತು. ಎಂಥ ಮೌನ ಅಂತೀರಿ. ಆಗ ನಾನು ಅಣ್ಣಾ ಎಂದು ಕರೆದೆ. ನೀರು ಕಪ್ಪಗಿತ್ತು, ಏನೂ ಕಾಣಲಿಲ್ಲ. ತಲೆ ಹಗುರವಾಗುತ್ತಿತ್ತು, ಒಂದು ಥರ ಹಾಯೆನಿಸಿತು. ಒಬ್ಬನೇ ಹೇಗೆ ಹೋಗಲಿ, ಅತ್ತಿಗೆ ಬಾಗಿಲು ತೆಗೆಯುವುದಿಲ್ಲ ಎಂದು ಜೋರಾಗಿ ಹೇಳಿದ ನೆನಪು. ಆಮೇಲಿನದು ನೆನಪಿಲ್ಲ, ಅಥವಾ ನೆನಪಿದ್ದದ್ದನ್ನು ನಂಬಬೇಡ ಎಂದು ಡಾಕ್ಟರ್ ಹೇಳುತ್ತಾರೆ.

ನನ್ನ ಬಿಲ್ಲೆ ಅಲ್ಲೇ ಹಸಿರಾಗಿ ಉಳಿದಿದೆ. ಅಣ್ಣನದೂ. ಹಲಗೆಯಲ್ಲಿ ಹಸಿರು ಇರುವ ತನಕ ಎತ್ತುವುದಿಲ್ಲ ಎಂದು ಹಡಗಿನವರು ಹಟ ಹಿಡಿಯುತ್ತಾರೆ, ಅದು ಅವರ ನಿಯಮ. ಡಾಕ್ಟರ್ ನನ್ನನ್ನು ಬಿಡುತ್ತಿಲ್ಲ. ಬಿಟ್ಟರೂ ಅಣ್ಣನದನ್ನು ಮುಟ್ಟಲು ನನ್ನಿಂದಾಗುವುದಿಲ್ಲ.

ಕುಳ್ಳ


ಮೇ ೨೧

ಕುಳ್ಳ,

ಹೋಗಿ ಬಂದೆ. ನಿನಗೆ ಮೊದಲೇ ಹೇಳಿದ್ದರೆ ಆಸ್ಪತ್ರೆಯ ಗೋಡೆ ಹಾರಿ ಬರುತ್ತಿದ್ದೆ, ಅದಕ್ಕೆ ಹೇಳಲಿಲ್ಲ.

ಮೊದಲು ಬಂದರಿನ ಆಫೀಸಿಗೆ ಹೋಗಿ ಆಕ್ಷೇಪವನ್ನು ವಾಪಸ್ ತೆಗೆದುಕೊಂಡೆ. ಮೇಡಂ ಅಲ್ಲೇ ಇದ್ದರು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು, ನನ್ನ ಮುಖ ನೋಡಲು ಅವರಿಗೂ. ಹೆಸರು ಅಳಿಸಿದ್ದು ಅವರೇ ಅಂತೆ. ಒಳ್ಳೆಯದಕ್ಕೆ ಎಂದುಕೊಂಡು ಅಳಿಸಿದ್ದರಂತೆ. ಇಬ್ಬರೂ ಒಂದೊಂದು ಲೋಟ ಚಹಾ ಮುಂದಿಟ್ಟುಕೊಂಡು ಕುಡಿಯದೆ ಎದ್ದೆವು. ರಿಗ್ಗಿಗೆ ಹೋಗಲು ಅಪ್ಪಣೆ ಕೊಡಿಸಿದವರು ಅವರು.

ದೋಣಿಯಲ್ಲಿ ನನಗೆ ಏನೂ ಆಗಲಿಲ್ಲ, ನಿನ್ನ ಮಾನ ಹೋಯಿತು. ಆಮೇಲೆ ನನ್ನನ್ನು ಸಾಮಾನಿನ ಹಾಗೆ ಬುಟ್ಟಿಯಲ್ಲಿ ನಿಲ್ಲಿಸಿ ಕ್ರೇನಿನಲ್ಲಿ ಎತ್ತಿದರು. ಕಣ್ಣು ಮುಚ್ಚಿಕೊಂಡು ನಿನಗೂ ನಿನ್ನ ಅಣ್ಣನಿಗೂ ಸೇರಿಸಿ ಬೈದೆ. ಮೇಲೆ ಸೌಟು ಮಾವ ಕಾಯುತ್ತಿದ್ದರು. ಮೊದಲು ಮಾಡಿಸಿದ್ದು ಏನು ಗೊತ್ತಾ? ನನಗೊಂದು ಬಿಲ್ಲೆ ಕೊಟ್ಟು ನೇತುಹಾಕಿಸಿದರು. ನಿನ್ನ ಅಣ್ಣನ ಬಿಲ್ಲೆಯ ಪಕ್ಕದ ಮೊಳೆ ಖಾಲಿಯಿತ್ತು. ಅಲ್ಲಿಗೇ ಹಾಕಿದೆ. ಎರಡೂ ಹಸಿರು. ಗಾಳಿಗೆ ನನ್ನದು ಹೋಗಿ ಅವರದಕ್ಕೆ ತಾಗುತ್ತಿತ್ತು. ಹನ್ನೊಂದು ವರ್ಷದ ಮೇಲೆ ನಾವಿಬ್ಬರೂ ಒಂದೇ ಕಡೆ ಒಳಗಿದ್ದೆವು ಅನ್ನಿಸಿ, ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ.

ಅವರ ಕೋಣೆ ನೋಡಿದೆ. ಗೋಡೆಗೆ ಅಂಟಿ ಉಳಿದ ಟೇಪಿನ ಒಂದು ಮೂಲೆಯಲ್ಲಿ ಚೂರು ಕಾಗದ ಇತ್ತು. ನಮ್ಮ ಅಂಗಡಿಯ ಕ್ಯಾಲೆಂಡರು, ನಾನೇ ಕೊಟ್ಟು ಕಳಿಸಿದ್ದು. ಯಾವ ಚಿತ್ರವೋ ಎಂದು ಯೋಚಿಸಿದೆಯಲ್ಲ, ಅದು ಬರೀ ಕ್ಯಾಲೆಂಡರು.

ಎರಡನೇ ಕಾಲಿನ ಹತ್ತಿರ ಕರೆದುಕೊಂಡು ಹೋದರು. ಮುಚ್ಚಳ ಹಾಕಲು ಎಲ್ಲ ಸಿದ್ಧವಾಗಿತ್ತು, ನನಗೋಸ್ಕರ ನಿಲ್ಲಿಸಿದ್ದರು. ಎಲ್ಲರೂ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು. ನೀನು ಕತ್ತರಿಸಿದ ಬಾಗಿಲನ್ನು ಮತ್ತೆ ಬೆಸೆದಿದ್ದರು, ಆ ಹೊಸ ಗುರುತಿನ ಹತ್ತಿರ ಕಿವಿಯಿಟ್ಟೆ. ಏಣಿಯನ್ನು ಬಿಗಿಯಾಗಿ ಕಟ್ಟಿದ್ದೇನೆ ಎಂದು ಬರೆದಿದ್ದೀಯಲ್ಲ, ನೀನು ಕಟ್ಟಿದ ಗಂಟು ಬಿಚ್ಚುವಂಥದಲ್ಲ ಎಂದು ನನಗೂ ಗೊತ್ತು. ನನಗೆ ಏನು ಕೇಳಿಸಿತು ಎಂದು ನಿನಗೆ ಹೇಳುವುದಿಲ್ಲ. ನೀನು ಕೇಳಲೂ ಕೂಡದು. ಹೇಳಬೇಕಾದ್ದನ್ನು ಅವರಿಗೆ ಹೇಳಿದೆ. ಅವನನ್ನು ಬಿಡಿ, ಅವನು ನಮ್ಮ ಹುಡುಗ, ನಾನು ಸಾಕಿದವನು ಎಂದೆ. ನಾನು ಕರೆದುಕೊಂಡು ಹೋಗಲಾರೆ, ನೀವು ಇಲ್ಲೇ ಇರಿ, ಮೇಲೆ ದೀಪ ಇಡುತ್ತಾರಂತೆ ಎಂದೆ. ಆ ದೀಪಕ್ಕೆ ಎಷ್ಟು ದಿನ ಯಾರು ಬರುತ್ತಾರೋ ನನಗೆ ತಿಳಿಯದು, ಅದನ್ನು ಮಾತ್ರ ಅವರಿಗೆ ಹೇಳಲಿಲ್ಲ.

ಮುಚ್ಚಳ ಹಾಕಿದ ಮೇಲೆ, ವಾಪಸ್ ಹೊರಡುವಾಗ ಹಲಗೆಯ ಮುಂದೆ ಎಲ್ಲರೂ ಸೇರಿದರು. ನನ್ನ ಬಿಲ್ಲೆ ಕೆಂಪಿಗೆ ತಿರುಗಿಸಿದೆ. ನಿನ್ನದನ್ನು ಮಾತ್ರ ಡಾಕ್ಟರ ಚೀಟಿ ನೋಡಿ ಮ್ಯಾನೇಜರೇ ನಿಯಮ ಸಡಿಲಿಸಿ, ತಿರುಗಿಸದೆ ಹಾಗೇ ಬಿಚ್ಚಿ ನನ್ನ ಕೈಗೆ ಕೊಟ್ಟರು. ಬಂದ ಮೇಲೆ ನೀನೇ ನಿನ್ನ ಕೈಯಾರೆ ತಿರುಗಿಸು, ನನ್ನೆದುರಿಗೆ. ಆಮೇಲೆ ನಾನು ಮೇಲಿನ ಸಾಲಿಗೆ ಕೈ ಹಾಕಿದೆ. ಸೌಟು ಮಾವ ಮುಂದೆ ಬಂದರು. “ತಾಯಿ, ಅವರವರದ್ದು ಅವರೇ ತಿರುಗಿಸಬೇಕು, ಅಲ್ವಾ?” ಎಂದರು.

“ನಮ್ಮ ಮನೆಯವರದ್ದು ನಂದಲ್ಲದೆ ಇನ್ಯಾರದ್ದು?” ಎಂದೆ.

ತುಕ್ಕು ಹಿಡಿದು ಮೊಳೆಗೆ ಕಚ್ಚಿಕೊಂಡಿತ್ತು. ಒಂದೇ ಸಲಕ್ಕೆ ತಿರುಗಲಿಲ್ಲ. ಬೆರಳು ಕೊಯ್ದುಕೊಂಡೆ. ಆ ಕಡೆಯ ಕೆಂಪು ಬಿಸಿಲನ್ನೇ ನೋಡದೆ ಹೊಸದರ ಹಾಗೆ ಹೊಳೆಯುತ್ತಿತ್ತು.

ದೋಣಿಗೆ ಇಳಿದ ಮೇಲೆ ತಲೆ ಎಣಿಸಿದರು. ಅವತ್ತೇ ಕೊನೆಯ ತಂಡ, ರಿಗ್ಗಿನಲ್ಲಿ ಇನ್ನು ಯಾರೂ ಇರಲಿಲ್ಲ. ಎಣಿಕೆ ಮುಗಿಯಿತು. ಎಲ್ಲರೂ ಕೊನೆಯಲ್ಲಿ ಕೂತ ಸೌಟು ಮಾವನ ಕಡೆ ನೋಡಿದರು. ಅವರು ಬಾಯಿ ತೆರೆದರು, ನನ್ನನ್ನು ನೋಡಿದರು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಎಲ್ಲರೂ ಬಂದಾಯ್ತು” ಎಂದರು. ಇಷ್ಟು ವರ್ಷ ಅಳದವಳು ಆಗ ಅತ್ತೆ, ಕುಳ್ಳ. ದಡ ಬರುವ ತನಕ ಅಳುತ್ತಲೇ ಇದ್ದೆ. ಯಾರೂ ಸಮಾಧಾನ ಮಾಡಲು ಬರಲಿಲ್ಲ, ಪುಣ್ಯಾತ್ಮರು.

ಮೊನ್ನೆ ಮೇಲಿನದನ್ನು ಎತ್ತಿಕೊಂಡು ಹೋದರಂತೆ. ಮನೆಗೆ ಬಂದು ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಗೂಟದಲ್ಲಿದ್ದ ಡಾಂಗರಿಯನ್ನು ಇಳಿಸಿ, ಕಾಲಿನ ಮಡಿಕೆ ಬಿಚ್ಚಿ, ಅಡಿಗೆ ಬೇರೆ ಬಟ್ಟೆ ಕೂಡಿಸಿ ಉದ್ದ ಮಾಡಿದ್ದೇನೆ. ನಿನಗೆ ಸರಿಯಾಗಬಹುದು. ಬಂದರಿನ ಕೆಲಸ ವಾಪಸ್ ಸಿಗುವ ತನಕ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಂಡಿರು.

ಮುಂದಿನ ವಾರ ಬಿಡುತ್ತಾರಂತೆ. ಬಸ್ಸಿಳಿದು ನೇರ ಮನೆಗೆ ಬಾ. ಒಂದೇ ಒಂದು ಮಾತು ನಡೆಸಿಕೊಡು. ಬಂದಾಗ ಬಾಗಿಲು ತಟ್ಟಬೇಡ. ಬೀದಿಯಲ್ಲೇ ನಿಂತು ಅತ್ತಿಗೇ ಎಂದು ಜೋರಾಗಿ ಕೂಗು. ತೆಗೆಯುತ್ತೇನೆ.

ನಿನ್ನ
ಅತ್ತಿಗೆ